ಬೇಲಿಯಾಚೆ ಮಾತಿಗೆ ಸಿಗುವವರು ಯಾರು?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಈ ಅಂಕಣದ ಹಳೆಯ ಓದುಗರು. ಮಂಡಿಯಲ್ಲಿ ದರ ಇಳಿದಾಗಲೆಲ್ಲ ಅವರ ಫೋನು ಬರುತ್ತದೆ. “ಬರ್ಮಾ ಅಡಿಕೆ ಮತ್ತೆ ಬಂತಂತೆ ಮಾರಾಯ್ರೆ. ಪಾಕಿಸ್ತಾನದ ಗಡಿಗೆ ಬೇಲಿ ಹಾಕಿದ ದೇಶಕ್ಕೆ ಬರ್ಮಾ ಗಡಿಗೆ ಒಂದು ಬೇಲಿ ಹಾಕ್ಲಿಕ್ಕೆ ಏನು ಕಷ್ಟ?” ಇನ್ನೊಂದು ಪ್ರಶ್ನೆ ಗೋಕಾಕದ ಹತ್ತಿರದ ಒಬ್ಬ ತಾಯಿಯದು. ಅವರ ಮಗ ಅಸ್ಸಾಂ ರೈಫಲ್ಸ್‌ನಲ್ಲಿದ್ದಾನೆ, ಮಿಜೋರಾಮಿನಲ್ಲಿ ಪೋಸ್ಟಿಂಗ್. “ಅಲ್ಲಿ ಯಾರ ಜೋಡಿನೂ ಯುದ್ಧ ಇಲ್ಲ ಅಂತಾರ್ರಿ. ಮತ್ತ ನನ್ನ ಮಗ ಹಗಲೂ ರಾತ್ರಿ ಕಾಯಾಕತ್ತಿದ್ದು ಯಾರನ್ನ?” ಇಂಥದ್ದೇ ಪ್ರಶ್ನೆಗಳನ್ನು ಬೇರೆ ಬೇರೆ ಮಾತಿನಲ್ಲಿ ಕೇಳುವ ಪತ್ರಗಳು ಎರಡು ಮೂರು ವರ್ಷಗಳಿಂದ ಬರುತ್ತಲೇ ಇವೆ. ಈ ವಾರ ಕೂತು ಉತ್ತರ ಬರೆಯಬೇಕೆನಿಸಿತು.

ಭಾರತ ಮತ್ತು ಮ್ಯಾನ್ಮಾರ್ (ಹಳೆಯ ಹೆಸರು ಬರ್ಮಾ) ನಡುವಿನ ಗಡಿಯ ಉದ್ದ 1,643 ಕಿಲೋಮೀಟರ್. ಅರುಣಾಚಲ ಪ್ರದೇಶ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಎಂಬ ನಾಲ್ಕು ರಾಜ್ಯಗಳ ಅಂಚಿನಲ್ಲಿ, ಬಹುಪಾಲು ದಟ್ಟ ಕಾಡಿನ ಗುಡ್ಡಗಳ ಮೇಲೆ ಅದು ಹಾದುಹೋಗುತ್ತದೆ. ಮೂರು ಚಳಿಗಾಲದ ಹಿಂದೆ ನಾನು ಅದನ್ನು ನೋಡಲೆಂದೇ ಹೋಗಿದ್ದೆ. ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಂಡು ಐಜ್ವಾಲ್‌ನಿಂದ ಬೆಳಿಗ್ಗೆ ಸುಮೋ ಹತ್ತಿದರೆ ಚಂಫಾಯ್ ಸೇರುವಷ್ಟರಲ್ಲಿ ಸಂಜೆ. ಅಲ್ಲಿಂದ ಇನ್ನೊಂದು ತಾಸು ಇಳಿಜಾರಿನಲ್ಲಿ ಹೋದರೆ ಝೋಕಾವ್ತಾರ್ ಎಂಬ ಊರು, ಊರಿನ ಕೊನೆಯಲ್ಲಿ ತಿಯಾವು ನದಿ, ನದಿಗೊಂದು ಸೇತುವೆ. ನದಿ ಎನ್ನುವುದು ಹೆಸರಿಗೆ. ಮಲೆನಾಡಿನವರು ಅದನ್ನು ಹಳ್ಳ ಅಂದಾರು. ನಾನು ಹೋದಾಗ ಮೊಣಕಾಲುದ್ದ ನೀರಿತ್ತು. ಮಕ್ಕಳು ಚಡ್ಡಿ ಮೇಲೆತ್ತಿಕೊಂಡು ಇನ್ನೊಂದು ದೇಶಕ್ಕೆ ಹೋಗಿ ಬರುತ್ತಿದ್ದರು.

ಸೇತುವೆ ಹತ್ತಿರ ಚಹಾ ಮಾರುತ್ತಿದ್ದ ಹಿರಿಯ ಹೆಂಗಸಿನ ತವರುಮನೆ ಆಚೆ ದಡದ ರಿಹ್‌ಖಾವ್‌ದಾರ್‌ನಲ್ಲಿ. ಅವರ ಎರಡು ಕೋಣೆಯ ಮನೆಯಲ್ಲಿ ಆಗ ಅಣ್ಣನ ಸಂಸಾರವೆಲ್ಲ ಬಂದು ತಂಗಿತ್ತು. ನನ್ನ ಜೊತೆಗಿದ್ದ ಚಾಲಕ ಅವರ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದ: “ಇವರನ್ನು ನಿರಾಶ್ರಿತರು ಅಂತ ಆಫೀಸಿನವರು ಬರೆದುಕೊಂಡರು. ನಮಗೆ ಇವರು ಮನೆಯವರು.” ಮಿಜೋಗಳೂ ಆಚೆಯ ಚಿನ್ ಜನರೂ ಒಂದೇ ಬೇರಿನವರು. ಸತ್ತವರ ಆತ್ಮ ಹಾದುಹೋಗುತ್ತದೆ ಎಂದು ಮಿಜೋಗಳ ಹಿರಿಯರು ನಂಬಿದ್ದ ರಿಹ್ ದಿಲ್ ಸರೋವರ ಇರುವುದು ಮ್ಯಾನ್ಮಾರ್ ನೆಲದಲ್ಲಿ, ಸೇತುವೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ನಿಪ್ಪಾಣಿ, ಅಥಣಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಣ್ಣು ಕೊಟ್ಟು ತಂದ ಊರುಗಳ ನಡುವೆ ಸರ್ಕಾರ ಗೆರೆ ಎಳೆದರೆ, ಆ ಗೆರೆ ನಕಾಶೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಮನಸ್ಸಿನಲ್ಲಿ ಮೂಡುವುದಿಲ್ಲ. ಅಲ್ಲಿಯದು ದೇಶಗಳ ಗೆರೆ ಎಂಬುದಷ್ಟೇ ವ್ಯತ್ಯಾಸ. 1937ರಲ್ಲಿ ಬ್ರಿಟಿಷರು ಬರ್ಮಾವನ್ನು ಭಾರತದಿಂದ ಬೇರೆ ಮಾಡಿದರು. 1967ರಲ್ಲಿ ಎರಡೂ ದೇಶಗಳು ಗಡಿ ಒಪ್ಪಂದ ಮಾಡಿಕೊಂಡವು. ನಾಗಾಲ್ಯಾಂಡಿನ ಲೋಂಗ್ವಾದಲ್ಲಂತೂ ಊರ ಮುಖ್ಯಸ್ಥನ ಮನೆಯೊಳಗೇ ಗಡಿ ಹಾದುಹೋಗುತ್ತದೆ.

ಇನ್ನು ಗೋಕಾಕದ ತಾಯಿಯ ಪ್ರಶ್ನೆ. ಗಡಿಯನ್ನು ಇಬ್ಬರು ಕಾಯುತ್ತಾರೆ, ಈಚೆಯಿಂದ ನಾವು, ಆಚೆಯಿಂದ ಅವರು. ಇದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದರ ಬೆಲೆ ನಮಗೆ ತಿಳಿಯುವುದೇ ಇಲ್ಲ. ಪಾಕಿಸ್ತಾನ ನಮ್ಮ ಮೇಲೆ ಗುಂಡು ಹಾರಿಸುವ ದೇಶ. ಆದರೂ ಎರಡೂ ಸೇನೆಗಳ ಕಾರ್ಯಾಚರಣೆ ಮುಖ್ಯಸ್ಥರ ನಡುವೆ ಹಾಟ್‌ಲೈನ್ ಇದೆ. 2025ರ ಮೇ 10ರಂದು ಕ್ಷಿಪಣಿ, ಡ್ರೋನ್‌ಗಳ ಹಾರಾಟ ನಿಂತದ್ದು ಆ ಕಡೆಯಿಂದ ಬಂದ ಒಂದು ಫೋನಿನಿಂದ. ಎದುರಾಳಿಯೇ ಆಗಿರಲಿ, ಅವನ ಮಾತು ಅವನ ಪಡೆಯಲ್ಲಿ ನಡೆಯುತ್ತದೆ ಎಂದಾದರೆ ಅವನ ಜೊತೆ ವ್ಯವಹಾರ ಸಾಧ್ಯ. ಮ್ಯಾನ್ಮಾರ್‌ನದು ಬೇರೆಯೇ ತೊಂದರೆ. ಅದು ನಮ್ಮ ಶತ್ರುವಲ್ಲ. ಆದರೆ ಗಡಿಯ ಬಹುಭಾಗದಲ್ಲಿ ಅಲ್ಲಿಯ ಸರ್ಕಾರವೇ ಇಲ್ಲ. ದೂರು ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ. ಆ ಹುಡುಗ ಕಾಯುತ್ತಿರುವುದು ಒಂದು ಸೈನ್ಯವನ್ನಲ್ಲ, ಒಂದು ರಾಜ್ಯವ್ಯವಸ್ಥೆ ಕುಸಿದಾಗ ಅದರ ಅವಶೇಷಗಳ ನಡುವಿಂದ ನುಸುಳಿ ಬರುವುದನ್ನೆಲ್ಲ.

ಈ ಸ್ಥಿತಿಗೆ ಮೊದಲು ಭಾರತ ಏನು ಮಾಡುತ್ತಿತ್ತು ಎಂಬುದಕ್ಕೆ ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಅವರ ಮನೆ ಒಂದು ಸಾಕ್ಷಿ. 1988ರಲ್ಲಿ ಬರ್ಮಾದ ಸೇನೆ ಪ್ರಜಾಪ್ರಭುತ್ವದ ಚಳವಳಿಯನ್ನು ರಕ್ತದಲ್ಲಿ ಮುಳುಗಿಸಿದಾಗ ಭಾರತ ಬಹಿರಂಗವಾಗಿಯೇ ಚಳವಳಿಗಾರರ ಪಕ್ಷ ವಹಿಸಿತು. ಓಡಿ ಬಂದ ಬರ್ಮಾದ ವಿದ್ಯಾರ್ಥಿಗಳಿಗೆ ದೆಹಲಿಯ ಕೃಷ್ಣ ಮೆನನ್ ಮಾರ್ಗದಲ್ಲಿದ್ದ ಫರ್ನಾಂಡಿಸ್ ನಿವಾಸ ಆಶ್ರಯವಾಯಿತು. ಅವರು ರಕ್ಷಣಾ ಸಚಿವರಾದ ಮೇಲೂ ಆ ಬಾಗಿಲು ಮುಚ್ಚಲಿಲ್ಲ. ಆದರೆ ಅದೇ ಹೊತ್ತಿಗೆ ದೆಹಲಿಯ ನೀತಿ ಇನ್ನೊಂದು ದಾರಿ ಹಿಡಿದಾಗಿತ್ತು. ಈಶಾನ್ಯದ ಬಂಡುಕೋರರು ಬರ್ಮಾದ ಕಾಡಿನಲ್ಲಿ ಶಿಬಿರ ಹೂಡಿದ್ದರು. ಆ ಕಾಡಿಗೆ ಹೋಗಬಲ್ಲದ್ದು ಅಲ್ಲಿಯ ಸೇನೆ ಮಾತ್ರ. ಅತ್ತ ಚೀನಾ ಆ ಸೇನೆಗೆ ಹತ್ತಿರವಾಗುತ್ತಿತ್ತು. 1995ರಲ್ಲಿ ಮಿಜೋರಾಂ ಗಡಿಯಲ್ಲಿ ಎರಡೂ ಸೇನೆಗಳು ಸೇರಿ ಬಂಡುಕೋರರ ತಂಡವೊಂದನ್ನು ಸುತ್ತುವರಿದಿದ್ದಾಗ, ಭಾರತ ಪ್ರಜಾಪ್ರಭುತ್ವ ಚಳವಳಿಯ ನಾಯಕಿ ಆಂಗ್ ಸಾನ್ ಸೂ ಕಿ ಅವರಿಗೆ ನೆಹರೂ ಪ್ರಶಸ್ತಿ ಘೋಷಿಸಿತು, ಸಿಟ್ಟಾದ ಬರ್ಮಾ ಸೇನೆ ನಡುವೆಯೇ ಕೈಬಿಟ್ಟಿತು ಎಂಬುದು ಆ ಕಾಲದ ಅಧಿಕಾರಿಗಳು ದಾಖಲಿಸಿರುವ ಮಾತು. ನಂತರ ದೆಹಲಿ ಎಚ್ಚರಿಕೆಯ ಹಾದಿ ಹಿಡಿಯಿತು: ಮನಸ್ಸು ಸೂ ಕಿ ಕಡೆಗಿದ್ದರೂ ಕೈ ಜನರಲ್‌ಗಳ ಕಡೆಗೆ.

ಆ ಲೆಕ್ಕಾಚಾರ ಫಲ ಕೊಟ್ಟಿತು ಎಂಬುದನ್ನು ಒಪ್ಪಬೇಕು. 2015ರ ಜೂನ್ 4ರಂದು ಮಣಿಪುರದ ಚಾಂದೆಲ್‌ನಲ್ಲಿ 18 ಯೋಧರು ಹೊಂಚುದಾಳಿಗೆ ಬಲಿಯಾದಾಗ, ಐದೇ ದಿನದಲ್ಲಿ ನಮ್ಮ ಕಮಾಂಡೊಗಳು ಗಡಿಯಾಚೆಯ ಶಿಬಿರಗಳ ಮೇಲೆ ಎರಗಿದರು. ಮ್ಯಾನ್ಮಾರ್ ಅದನ್ನು ಜಗಳವಾಗಿ ಬೆಳೆಸಲಿಲ್ಲ. 2019ರಲ್ಲಿ ಅಲ್ಲಿಯ ಸೇನೆ ತಾನೇ ಸಗಾಯಿಂಗ್ ಪ್ರಾಂತ್ಯದ ಟಾಗಾದಲ್ಲಿದ್ದ ನಾಗಾ ಬಂಡುಕೋರರ ನೆಲೆಯನ್ನು ವಶಕ್ಕೆ ತೆಗೆದುಕೊಂಡಿತು. 2020ರ ಮೇ ತಿಂಗಳಲ್ಲಿ 22 ಮಂದಿ ಬಂಡುಕೋರರನ್ನು ವಿಶೇಷ ವಿಮಾನದಲ್ಲಿ ಕೂರಿಸಿ ನಮಗೆ ಒಪ್ಪಿಸಿತು. ಇದಾಗಿ ಒಂಬತ್ತು ತಿಂಗಳಿಗೆ, 2021ರ ಫೆಬ್ರುವರಿ 1ರಂದು, ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಚುನಾಯಿತ ಸರ್ಕಾರವನ್ನು ಕಿತ್ತೊಗೆದು ಸೂ ಕಿಯವರನ್ನು ಬಂಧಿಸಿದರು. ದೇಶ ಅಂತರ್ಯುದ್ಧಕ್ಕೆ ಬಿತ್ತು. 2023ರ ಅಕ್ಟೋಬರ್ 27ರಂದು ಮೂರು ಜನಾಂಗೀಯ ಪಡೆಗಳು ಒಟ್ಟಾಗಿ ಶುರುಮಾಡಿದ ದಾಳಿಯ ನಂತರ ಸೇನೆಯ ನೆಲೆಗಳು ಸಾಲಾಗಿ ಉರುಳಿದವು. ನವೆಂಬರಿನಲ್ಲಿ ರಿಹ್‌ಖಾವ್‌ದಾರ್ ಕೂಡ ಚಿನ್ ಹೋರಾಟಗಾರರ ಕೈಗೆ ಬಂತು.

ಆಗ ಝೋಕಾವ್ತಾರ್‌ನವರು ಕಂಡದ್ದು ಅಪರೂಪದ ದೃಶ್ಯ. ಆವರೆಗೆ ಜನರು ಸೇನೆಗೆ ಹೆದರಿ ಓಡಿ ಬರುತ್ತಿದ್ದರು. ಈಗ ಸೈನಿಕರೇ ಓಡಿ ಬಂದರು. 2024ರ ಜನವರಿಯಲ್ಲಿ ಒಮ್ಮೆಗೇ 276 ಸೈನಿಕರು ಮಿಜೋರಾಂ ಹೊಕ್ಕರು. ಅವರನ್ನು ಕರೆದೊಯ್ಯಲು ಬಂದ ಮ್ಯಾನ್ಮಾರ್ ವಾಯುಪಡೆಯ ವಿಮಾನ ಜನವರಿ 23ರಂದು ಐಜ್ವಾಲ್ ಬಳಿಯ ಲೆಂಗ್ಪುಯಿ ನಿಲ್ದಾಣದಲ್ಲಿ ರನ್‌ವೇಯಿಂದ ಜಾರಿತು. ಮೂರು ದಶಕ ನಾವು ನೆಚ್ಚಿಕೊಂಡ ಸೇನೆಯ ಪರಿಸ್ಥಿತಿ ಇದು.

ಅದರ ಪರಿಣಾಮಗಳು ಗಡಿ ದಾಟಿ ಎಲ್ಲಿಯವರೆಗೆ ಬರುತ್ತವೆ ನೋಡಿ. 2021ರ ನವೆಂಬರಿನಲ್ಲಿ ಮಣಿಪುರದ ಚುರಾಚಂದಪುರದಲ್ಲಿ ಅಸ್ಸಾಂ ರೈಫಲ್ಸ್‌ನ ಒಬ್ಬ ಕರ್ನಲ್, ಅವರ ಪತ್ನಿ, ಪುಟ್ಟ ಮಗ ಮತ್ತು ನಾಲ್ವರು ಜವಾನರನ್ನು ಕೊಂದವರು ಮ್ಯಾನ್ಮಾರ್‌ನಲ್ಲಿ ನೆಲೆಯಿರುವ ಗುಂಪುಗಳವರು. ಅಫ್ಘಾನಿಸ್ತಾನವನ್ನು ಹಿಂದಿಕ್ಕಿ ಮ್ಯಾನ್ಮಾರ್ ಜಗತ್ತಿನ ಅತಿ ದೊಡ್ಡ ಅಫೀಮು ಉತ್ಪಾದಕ ದೇಶವಾಗಿದೆ ಎಂದು ವಿಶ್ವಸಂಸ್ಥೆ 2023ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಅಂಡಮಾನ್ ಸಮುದ್ರದಲ್ಲಿ ನಮ್ಮ ಕರಾವಳಿ ಕಾವಲು ಪಡೆ ಹಿಡಿದ ಒಂದೇ ಮೀನುಗಾರಿಕಾ ದೋಣಿಯಲ್ಲಿ ಸುಮಾರು 5,500 ಕಿಲೋ ಮೆಥಾಂಫೆಟಮಿನ್ ಇತ್ತು. ದೋಣಿಯಲ್ಲಿದ್ದ ಆರೂ ಜನ ಮ್ಯಾನ್ಮಾರ್‌ನವರು. ಥಾಯ್ಲೆಂಡ್ ಗಡಿಯ ಮ್ಯಾವಡ್ಡಿ ಸುತ್ತ ಸಶಸ್ತ್ರ ಗುಂಪುಗಳ ನೆರಳಿನಲ್ಲಿ ಎದ್ದ ಸೈಬರ್ ವಂಚನೆಯ ಕೇಂದ್ರಗಳು ನಮ್ಮ ಬೆಂಗಳೂರು, ಮೈಸೂರಿನ ನಿವೃತ್ತರ ಬ್ಯಾಂಕ್ ಖಾತೆಗೂ ಕೈ ಹಾಕುವಂಥವು. ಒಳ್ಳೆಯ ಸಂಬಳದ ಕಂಪ್ಯೂಟರ್ ಕೆಲಸ ಎಂದು ಬ್ಯಾಂಕಾಕ್‌ಗೆ ಕರೆಸಿಕೊಂಡು ಈ ಕೇಂದ್ರಗಳಲ್ಲಿ ಕೂಡಿಹಾಕಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ವಾಪಸು ಕರೆತಂದವು.

ಇನ್ನು ಅಡಿಕೆ. ಝೋಕಾವ್ತಾರ್ ದಾರಿಯಲ್ಲಿ ಗೋಣಿಚೀಲ ಹೇರಿಕೊಂಡ ಪಿಕಪ್ ವಾಹನಗಳನ್ನು ನಾನೇ ನೋಡಿದ್ದೇನೆ. ಒಳಗೇನಿದೆ ಎಂದು ಕೇಳಿದ್ದಕ್ಕೆ ಚಾಲಕ “ಕುಹ್ವಾ” ಎಂದ. ಮಿಜೋ ಭಾಷೆಯಲ್ಲಿ ಅಡಿಕೆಗೆ ಹಾಗೆನ್ನುತ್ತಾರೆ. ಕಾನೂನಿನ ಪ್ರಕಾರ ಹೊರದೇಶದ ಅಡಿಕೆಗೆ ನೂರಕ್ಕೆ ನೂರು ಸುಂಕವಿದೆ. 2023ರ ಫೆಬ್ರುವರಿಯಿಂದ ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆಯನ್ನು ಆಮದು ಮಾಡುವಂತೆಯೇ ಇಲ್ಲ. ತಿಯಾವು ಹಳ್ಳ ದಾಟಿ ಬಂದ ಚೀಲಕ್ಕೆ ಇದ್ಯಾವುದೂ ಅನ್ವಯಿಸುವುದಿಲ್ಲ. ಹಾಗೆ ಬರುವುದರಲ್ಲಿ ಇಂಡೊನೇಷ್ಯಾದ ಅಡಿಕೆಯೂ ಸೇರಿದೆ ಎಂದು ನಮ್ಮ ತನಿಖಾ ಸಂಸ್ಥೆಗಳೇ ಹೇಳಿವೆ. ಮ್ಯಾನ್ಮಾರ್‌ನಲ್ಲಿ ಕೇಳುವವರಿಲ್ಲವಾದ್ದರಿಂದ ಅದು ಎಲ್ಲರ ಸರಕಿಗೂ ಹೆದ್ದಾರಿ. ಒಂದು ಸರ್ಕಾರ ಬಿದ್ದರೆ ಸಾವಿರಾರು ಕಿಲೋಮೀಟರ್ ದೂರದ ತೋಟದವನ ರಾಶಿ ಅಡಿಕೆಯ ದರಕ್ಕೂ ಅದರ ಬಿಸಿ ತಟ್ಟುತ್ತದೆ.

ಇದಕ್ಕೆ ದೆಹಲಿ ಕಂಡುಕೊಂಡ ಉತ್ತರ ಬೇಲಿ. ಇಡೀ 1,643 ಕಿಲೋಮೀಟರಿಗೂ ಬೇಲಿ ಹಾಕುವುದಾಗಿ ಗೃಹ ಸಚಿವ ಅಮಿತ್ ಶಾ 2024ರ ಫೆಬ್ರುವರಿಯಲ್ಲಿ ಘೋಷಿಸಿದರು. ಅಂದಾಜು ವೆಚ್ಚ, ರಸ್ತೆಗಳೂ ಸೇರಿ, ಸುಮಾರು 31,000 ಕೋಟಿ ರೂಪಾಯಿ. ಗಡಿಯ ಎರಡೂ ಬದಿ 16 ಕಿಲೋಮೀಟರ್ ಒಳಗಿನ ಜನ ವೀಸಾ ಇಲ್ಲದೆ ಓಡಾಡಬಹುದಿದ್ದ ವ್ಯವಸ್ಥೆಯನ್ನು ರದ್ದು ಮಾಡುವುದಾಗಿಯೂ ಹೇಳಿದರು. ಆ ವರ್ಷದ ಕೊನೆಗೆ ಅದು 10 ಕಿಲೋಮೀಟರಿಗೆ ಇಳಿಯಿತು. ಅಸ್ಸಾಂ ರೈಫಲ್ಸ್ ಕೊಡುವ ಏಳು ದಿನದ ಪಾಸು ಕಡ್ಡಾಯವಾಯಿತು. ಚಹಾದಂಗಡಿಯ ಆ ತಾಯಿ ಈಗ ತವರಿಗೆ ಹೋಗಬೇಕೆಂದರೆ ಪಾಸು ಮಾಡಿಸಬೇಕು.

ಪಾಸಿನ ಬಗ್ಗೆ ನನಗೆ ತಕರಾರಿಲ್ಲ. ಯಾರು ಬಂದರು, ಯಾರು ಹೋದರು ಎಂದು ಬರೆದಿಡುವುದು ಯಾವುದೇ ದೇಶದ ಹಕ್ಕು, ಕರ್ತವ್ಯ. ಮೊದಲು ಒಪ್ಪದಿದ್ದ ಮಿಜೋರಾಂ ಸರ್ಕಾರ ಕೂಡ 2025ರಲ್ಲಿ ನಿರಾಶ್ರಿತರ ಬೆರಳಚ್ಚು ಮತ್ತಿತರ ಗುರುತು ದಾಖಲಿಸುವ ಕೆಲಸ ಶುರು ಮಾಡಿತು. ಬೇಲಿಯ ಮೇಲೆ ಇಟ್ಟಿರುವ ಭರವಸೆಯನ್ನು ಮಾತ್ರ ನಾನು ಒಪ್ಪಲಾರೆ. ಪಂಜಾಬಿನ ಗಡಿಯಲ್ಲಿ ಬೇಲಿಯಿದೆ, ರಾತ್ರಿಯಿಡೀ ಉರಿಯುವ ದೀಪಗಳಿವೆ. ಹೆರಾಯಿನ್ ಈಗ ಡ್ರೋನ್‌ನಲ್ಲಿ ಬಂದು ಬೀಳುತ್ತದೆ. ಬಾಂಗ್ಲಾದೇಶದ ಜೊತೆಗಿನ 4,096 ಕಿಲೋಮೀಟರ್ ಗಡಿಯಲ್ಲಿ 3,000ಕ್ಕೂ ಹೆಚ್ಚು ಕಿಲೋಮೀಟರಿಗೆ ಬೇಲಿ ಹಾಕಿದ್ದೇವೆ, ಕಳ್ಳಸಾಗಣೆ ನಿಂತಿಲ್ಲ. ಬೇಲಿ ಕಳ್ಳನನ್ನು ನಿಧಾನ ಮಾಡುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ಅವನನ್ನು ಹಿಡಿಯಬೇಕಾದರೆ ಸುಳಿವು ಕೊಡುವವರು ಬೇಕು. ಸುಳಿವು ಕೊಡುವವರು ಗಡಿಯ ಹಳ್ಳಿಯವರು. ಅವರ ತವರುಮನೆಗೇ ಬೇಲಿ ಹಾಕಿದ ಮೇಲೆ ಅವರು ಏಕೆ ಬಾಯಿ ಬಿಡುತ್ತಾರೆ?

ಮಿಜೋರಾಮಿನ ಚರಿತ್ರೆಯೇ ಇದನ್ನು ಹೇಳುತ್ತದೆ. 1966ರ ಫೆಬ್ರುವರಿ ಕೊನೆಯಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಶಸ್ತ್ರ ಹಿಡಿಯಿತು. ಮಾರ್ಚ್‌ನಲ್ಲಿ ಭಾರತದ ವಾಯುಪಡೆ ಐಜ್ವಾಲ್ ಮೇಲೆ, ನಮ್ಮದೇ ಪಟ್ಟಣದ ಮೇಲೆ, ಬಾಂಬು ಹಾಕಿತು. ಬಂಡುಕೋರರು ಪೂರ್ವ ಪಾಕಿಸ್ತಾನ, ಬರ್ಮಾ ಎರಡೂ ಕಡೆಯ ಕಾಡುಗಳಲ್ಲಿ ಆಶ್ರಯ ಪಡೆದರು. ಇಪ್ಪತ್ತು ವರ್ಷ ಆ ಗಡಿ ಹೊತ್ತಿ ಉರಿಯಿತು. ಅದು ಆರಿದ್ದು ಬೇಲಿಯಿಂದಲ್ಲ, 1986ರ ಜೂನ್ 30ರ ಒಪ್ಪಂದದಿಂದ. ನಾಯಕ ಲಾಲ್‌ಡೆಂಗಾ ಬಂಡಾಯ ಬಿಟ್ಟು ಮುಖ್ಯಮಂತ್ರಿಯಾದರು. ಅವರ ಜೊತೆ ಕಾಡಿನಲ್ಲಿದ್ದ ಜೋರಾಮ್‌ತಂಗಾ ಮುಂದೆ ಮೂರು ಬಾರಿ ಮುಖ್ಯಮಂತ್ರಿಯಾದರು. ಇವತ್ತು ನಾಲ್ಕು ಗಡಿ ರಾಜ್ಯಗಳಲ್ಲಿ ಮಿಜೋರಾಂ ಅತ್ಯಂತ ಶಾಂತ. 30 ಸಾವಿರಕ್ಕೂ ಹೆಚ್ಚು ನಿರಾಶ್ರಿತರನ್ನು ಪುಟ್ಟ ರಾಜ್ಯವೊಂದು ದಂಗೆ, ಗಲಭೆ ಇಲ್ಲದೆ ಸಲಹುತ್ತಿದೆ. ಯಂಗ್ ಮಿಜೋ ಅಸೋಸಿಯೇಷನ್‌ನ ಹುಡುಗರು ಬಿದಿರಿನ ಗುಡಿಸಲು ಕಟ್ಟಿಕೊಟ್ಟರು, ಚರ್ಚುಗಳು ಅಕ್ಕಿ ಕೂಡಿಸಿದವು. 2021ರ ಮಾರ್ಚ್‌ನಲ್ಲಿ ಒಳಬರುವವರನ್ನು ತಡೆಯಿರಿ ಎಂದು ಕೇಂದ್ರದಿಂದ ಪತ್ರ ಬಂದಾಗ, ಅದು ತಮ್ಮಿಂದಾಗದು ಎಂದು ಪ್ರಧಾನಿಗೇ ಬರೆದವರು ಜೋರಾಮ್‌ತಂಗಾ. ಹಸಿದು ಬಂದ ಬಂಧುಗಳ ಮೇಲೆ ಕೋವಿ ತಿರುಗಿಸಬೇಕಾದ ಸ್ಥಿತಿ ಮಿಜೋ ಪೊಲೀಸರಿಗೆ ಬಾರದಂತೆ ನೋಡಿಕೊಂಡದ್ದು ದೇಶದ ಭದ್ರತೆಗೆ ಅವರು ಮಾಡಿದ ದೊಡ್ಡ ಸೇವೆ ಎಂದೇ ನಾನು ತಿಳಿದಿದ್ದೇನೆ.

ಮಣಿಪುರದಿಂದ ಬರೆಯುವವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. 2023ರ ಮೇ 3ರಂದು ಭುಗಿಲೆದ್ದ ಕುಕಿ, ಮೈತೇಯಿ ಸಂಘರ್ಷದಲ್ಲಿ ಅವರು ಅನುಭವಿಸಿದ್ದು ದೊಡ್ಡ ಸಂಕಟ. ಗಡಿಯಾಚೆಯಿಂದ ಜನ, ಶಸ್ತ್ರ, ಮಾದಕವಸ್ತು ಬಂದು ತಮ್ಮ ನೆಲದ ಲೆಕ್ಕವೇ ಬದಲಾಗುತ್ತದೆ ಎಂಬ ಮೈತೇಯಿಗಳ ಭಯವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಮಿಜೋರಾಂ, ಮಣಿಪುರ ಎರಡರ ಎದುರಿಗಿರುವುದೂ ಅದೇ ಮ್ಯಾನ್ಮಾರ್, ಅದೇ ಅಂತರ್ಯುದ್ಧ. ಒಂದು ಕಡೆ ಅದು ಅತಿಥಿ ಸತ್ಕಾರವಾಯಿತು, ಇನ್ನೊಂದು ಕಡೆ ಬೆಂಕಿಗೆ ತುಪ್ಪವಾಯಿತು. ಕಾರಣ ಆಚೆ ದಡದಲ್ಲಿ ಇಲ್ಲ. ಕುಕಿ, ಮೈತೇಯಿಗಳ ನಡುವಿನ ನಂಬಿಕೆ ಈಚೆ ದಡದಲ್ಲಿ ಮುರಿದಿತ್ತು, ಅದನ್ನು ಕೂಡಿಸುವ ಕೆಲಸವನ್ನು ಇಂಫಾಲವೂ ಮಾಡಲಿಲ್ಲ, ದೆಹಲಿಯೂ ಹೊತ್ತಿಗೆ ಸರಿಯಾಗಿ ಮಾಡಲಿಲ್ಲ.

ಹಾಗಾದರೆ ಆಚೆ ಯಾರ ಜೊತೆ ಮಾತು? ಪ್ರಧಾನಿ ಮೋದಿ 2025ರಲ್ಲಿ ಬ್ಯಾಂಕಾಕ್‌ನಲ್ಲೂ ತಿಯಾಂಜಿನ್‌ನಲ್ಲೂ ಮಿನ್ ಆಂಗ್ ಲೈಂಗ್ ಅವರನ್ನು ಭೇಟಿಯಾದರು. ರಾಜಧಾನಿ ನೇಪಿಡಾ ಅವರ ಕೈಯಲ್ಲಿದೆ, ಮಾರ್ಚ್ 28ರ ಭೂಕಂಪದ ನಂತರ ನಮ್ಮ ಪರಿಹಾರ ತಂಡ ಇಳಿಯಲು ಅವರ ಅನುಮತಿ ಬೇಕಿತ್ತು. ಆ ಭೇಟಿ ತಪ್ಪಲ್ಲ. ಅಲ್ಲಿಗೇ ನಿಂತರೆ ತಪ್ಪು. ಕಲಾದಾನ್ ಯೋಜನೆಯನ್ನೇ ನೋಡಿ. ಕೋಲ್ಕತ್ತದಿಂದ ಸಮುದ್ರದಲ್ಲಿ ಮ್ಯಾನ್ಮಾರ್‌ನ ಸಿತ್ವೆ ಬಂದರಿಗೆ, ಅಲ್ಲಿಂದ ನದಿಯಲ್ಲಿ ಪಲೆತ್ವಾಕ್ಕೆ, ಮುಂದೆ ರಸ್ತೆಯಲ್ಲಿ ಮಿಜೋರಾಮಿಗೆ ಸರಕು ಸಾಗಿಸುವ ಈ ದಾರಿಗೆ 2008ರಲ್ಲಿ ಒಪ್ಪಂದವಾಯಿತು. ಪಲೆತ್ವಾ 2024ರ ಜನವರಿಯಲ್ಲಿ ಬಂಡುಕೋರ ಪಡೆಯಾದ ಅರಾಕಾನ್ ಆರ್ಮಿಯ ಪಾಲಾಯಿತು. ಮರುತಿಂಗಳ ಕೊನೆಯಲ್ಲಿ ಮಿಜೋರಾಮಿನ ರಾಜ್ಯಸಭಾ ಸದಸ್ಯ ಕೆ. ವನ್‌ಲಾಲ್‌ವೇನಾ ಗಡಿ ದಾಟಿ ಹೋಗಿ ಅರಾಕಾನ್ ಆರ್ಮಿಯವರನ್ನು ಕಂಡು ಬಂದರು. ಒಬ್ಬ ಸಂಸದರು ಮಾಡಿದ್ದನ್ನು ವಿದೇಶಾಂಗ ಸಚಿವಾಲಯ ನಿರಂತರವಾಗಿ, ಲೆಕ್ಕವಿಟ್ಟು ಮಾಡಬೇಕು. ಚೀನಾ ಅದನ್ನೇ ಮಾಡುತ್ತದೆ: ಜನರಲ್‌ಗಳ ಜೊತೆಗೂ ಮಾತಾಡುತ್ತದೆ, ಅವರ ಮೇಲೆ ಗುಂಡು ಹಾರಿಸುವವರ ಜೊತೆಗೂ. 2024ರಲ್ಲಿ ಬಂಡುಕೋರರು ಗೆದ್ದ ಲಾಶಿಯೋ ನಗರ ಚೀನಾದ ಒತ್ತಡದಿಂದಲೇ 2025ರ ಏಪ್ರಿಲ್‌ನಲ್ಲಿ ಸೇನೆಗೆ ವಾಪಸಾಯಿತು. ಆ ದಬ್ಬಾಳಿಕೆ ನಮಗೆ ಬೇಡ. ಆದರೆ ಹಾಗೆ ಎಲ್ಲ ಬಾಗಿಲುಗಳನ್ನೂ ತಟ್ಟುವ ರೂಢಿ ನಮಗೂ ಬೇಕು. ನಮ್ಮಲ್ಲಿ ಚೀನಾಕ್ಕಿಲ್ಲದ ಒಂದು ಬಲವೂ ಇದೆ: ಆಚೆಯವರ ಭಾಷೆ ಮಾತಾಡುವ, ಅವರ ಮನೆಯಲ್ಲಿ ಉಂಡು ಬಂದ ಲಕ್ಷಾಂತರ ಜನ ನಮ್ಮ ಪ್ರಜೆಗಳು.

ತೀರ್ಥಹಳ್ಳಿಯವರಿಗೆ ನನ್ನ ಉತ್ತರ ಇಷ್ಟು: ಬರ್ಮಾ ಅಡಿಕೆ ನಿಲ್ಲಬೇಕಾದರೆ ಗುಡ್ಡದ ಮೇಲಿನ ತಂತಿಗಿಂತ ಚಂಫಾಯ್ ದಾರಿಯ ಚೆಕ್‌ಪೋಸ್ಟು, ಚೀಲ ತುಂಬಿಸಿಕೊಳ್ಳುವ ದೊಡ್ಡ ವ್ಯಾಪಾರಿಗಳ ಗೋದಾಮು, ಅವರ ಬ್ಯಾಂಕ್ ಖಾತೆ, ಇವುಗಳ ಮೇಲೆ ಕಣ್ಣಿಡಿ ಎಂದು ನಿಮ್ಮ ಸಂಸದರಿಗೆ ಬರೆಯಿರಿ. ಗೋಕಾಕದ ತಾಯಿಗೆ: ನಿಮ್ಮ ಮಗ ಕಾಯುತ್ತಿರುವ ಜಾಗದಲ್ಲಿ ಹಳ್ಳಿಯವರು ಅವನಿಗೆ ಚಹಾ ಕೊಡುತ್ತಾರೆ, ಕಾಡಿನಲ್ಲಿ ಹೊಸಬರು ಕಂಡರೆ ಬಂದು ಹೇಳುತ್ತಾರೆ. ಅವನಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಅಲ್ಲಿ ಇಲ್ಲ. ದೆಹಲಿಗೆ ಒಂದೇ ಕೋರಿಕೆ. ಬೇಲಿ ಬೇಡ, ಓಡಾಟ ನಿಲ್ಲಿಸಬೇಡಿ ಎಂದು ಮಿಜೋರಾಂ ವಿಧಾನಸಭೆ 2024ರ ಫೆಬ್ರುವರಿಯಲ್ಲಿ, ನಾಗಾಲ್ಯಾಂಡ್ ವಿಧಾನಸಭೆ ಮಾರ್ಚ್‌ನಲ್ಲಿ ನಿರ್ಣಯ ಮಾಡಿವೆ. ಆ ಎರಡು ರಾಜ್ಯಗಳಲ್ಲಿ ಕಂಬ ನೆಡುವ ಮೊದಲು ಅಲ್ಲಿಯ ಚುನಾಯಿತರನ್ನು ಕೂರಿಸಿಕೊಂಡು ಮಾತಾಡಿ.